‘ವೆರಿ’ ಅಂದರೆ ‘ತುಂಬಾ’ನಾ? ಪೂರ್ತಿ ಅಲ್ಲ

ಕೆಲವು ವರ್ಷಗಳ ಹಿಂದೆ ಆಫೀಸಿನಿಂದ ಒಂದು ಮೇಲ್ ಕಳಿಸಿದ್ದೆ. ಗ್ರಾಹಕರಿಗೆ ಕೊಟ್ಟ ಪ್ರಶ್ನೆಗಳಿಗೆ ಹೆಚ್ಚು ಜನ ಉತ್ತರ ಬರೆದಿರಲಿಲ್ಲ. ಅದನ್ನೇ ಇಂಗ್ಲಿಷಿನಲ್ಲಿ ‘ರೆಸ್ಪಾನ್ಸ್ ಈಸ್ ವೆರಿ ಲೆಸ್’ ಅಂತ ಹಾಕಿದೆ. ಹತ್ತು ನಿಮಿಷಕ್ಕೆ ಇಂಗ್ಲೆಂಡಿನಲ್ಲಿ ಕೂತಿದ್ದ ಸಹೋದ್ಯೋಗಿಯಿಂದ ಒಂದೇ ಸಾಲಿನ ಉತ್ತರ ಬಂತು: ‘ಲೆಸ್ ದ್ಯಾನ್ ವಾಟ್?’ ಯಾವುದಕ್ಕಿಂತ ಕಡಿಮೆ?

ಅವರು ಕೊಂಕು ಆಡಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದರು. ಹೋದ ಸಲಕ್ಕಿಂತ ಕಡಿಮೆಯೋ, ಅಂದುಕೊಂಡಿದ್ದಕ್ಕಿಂತ ಕಡಿಮೆಯೋ? ನಾನು ನನ್ನ ಸಾಲನ್ನು ನಾಲ್ಕು ಸಲ ಓದಿದೆ. ತಪ್ಪು ಕಾಣಲೇ ಇಲ್ಲ. ಕಾಣುವುದಾದರೂ ಹೇಗೆ? ತಲೆಯಲ್ಲಿ ಇದ್ದದ್ದು ‘ತುಂಬಾ ಕಡಿಮೆ’. ‘ತುಂಬಾ’ ಇದ್ದ ಕಡೆ ‘ವೆರಿ’, ‘ಕಡಿಮೆ’ ಇದ್ದ ಕಡೆ ‘ಲೆಸ್’. ಒಂದು ಇಟ್ಟಿಗೆ ತೆಗೆದು ಇನ್ನೊಂದು ಇಟ್ಟಿಗೆ ಇಟ್ಟಿದ್ದೆ, ಅಷ್ಟೇ.

‘ವೆರಿ’ ನಮಗೆ ಇಂಗ್ಲಿಷಿನಲ್ಲಿ ಮೊದಲು ಸಿಗುವ ಪದಗಳಲ್ಲಿ ಒಂದು. ಕಾಪಿ ಪುಸ್ತಕದ ಕೆಳಗೆ ಕೆಂಪು ಇಂಕಿನಲ್ಲಿ ಟೀಚರ್ ‘ವಿ. ಗುಡ್’ ಅಂತ ಗೀಚಿದಾಗಲೇ ಅದರ ಪರಿಚಯ. ಗೊತ್ತಿರೋ ಪದ ಅಂತ ಆಮೇಲೆ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ನಮ್ಮ ಇಂಗ್ಲಿಷಿನ ಎಷ್ಟೋ ಎಡವಟ್ಟುಗಳು ಈ ಒಂದು ಪದದ ಸುತ್ತ ಇವೆ ಅಂತ ನನಗೆ ಗೊತ್ತಾಗಿದ್ದು ಆ ಮೇಲ್ ಆದ ಮೇಲೆ.

ಮೊದಲು ನಮ್ಮ ‘ತುಂಬಾ’ ನೋಡೋಣ. ಅದು ‘ತುಂಬು’ ಅನ್ನುವ ಕ್ರಿಯಾಪದದಿಂದ ಬಂದದ್ದು. ಕೊಡ ತುಂಬಿತು, ಕೆರೆ ತುಂಬಿತು, ಮನೆ ತುಂಬಾ ಜನ. ಅಂದರೆ ಇದು ಪಾತ್ರೆಯ ಲೆಕ್ಕ. ಎಷ್ಟು ಹಿಡಿಸುತ್ತೋ ಅಷ್ಟು ಹಾಕಿದೆ ಅನ್ನುವ ಭಾವ. ಹಾಗಾಗಿ ಅದಕ್ಕೆ ಮಡಿ ಮೈಲಿಗೆ ಇಲ್ಲ. ಯಾವುದರ ಜೊತೆ ಬೇಕಾದರೂ ಕೂರುತ್ತದೆ. ತುಂಬಾ ಚೆನ್ನಾಗಿದೆ. ತುಂಬಾ ಜನ. ತುಂಬಾ ನೀರು. ತುಂಬಾ ನಕ್ಕೆ. ತುಂಬಾ ಹೊತ್ತು ಕಾದೆ. ಅವನಿಗಿಂತ ತುಂಬಾ ಎತ್ತರ. ‘ಬಹಳ’ವೂ ಹೀಗೆಯೇ, ಧಾರವಾಡದ ಕಡೆಯ ‘ಭಾಳ’ವೂ ಹೀಗೆಯೇ, ಹಳೇ ಮೈಸೂರಿನ ಹಳ್ಳಿಗಳ ‘ಶ್ಯಾನೆ’ಯೂ ಹೀಗೆಯೇ. ಶ್ಯಾನೆ ಜನ ಬಂದಿದ್ರು, ಶ್ಯಾನೆ ಚೆಂದಾಗೈತೆ.

ಇದೇ ಆರು ವಾಕ್ಯಗಳನ್ನು ಇಂಗ್ಲಿಷಿಗೆ ತನ್ನಿ. ‘ವೆರಿ’ಗೆ ಜಾಗ ಸಿಗುವುದು ಮೊದಲನೆಯದರಲ್ಲಿ ಮಾತ್ರ: ವೆರಿ ಗುಡ್. ಜನ ಬಂದರೆ ‘ಮೆನಿ’. ನೀರು ಬಂದರೆ ‘ಎ ಲಾಟ್ ಆಫ್’. ನಕ್ಕರೆ ‘ಲಾಫ್ಡ್ ಎ ಲಾಟ್’. ಹೊತ್ತಾದರೆ ‘ಎ ಲಾಂಗ್ ಟೈಮ್’. ಅವನಿಗಿಂತ ಎತ್ತರ ಅಂದರೆ ‘ಮಚ್ ಟಾಲರ್’. ನಾವು ಒಂದೇ ಸೌಟಿನಲ್ಲಿ ಸಾರು, ಹುಳಿ, ಪಾಯಸ ಎಲ್ಲ ಬಡಿಸುತ್ತೇವೆ. ಅವರು ಒಂದೊಂದಕ್ಕೂ ಬೇರೆ ಸೌಟು ಇಟ್ಟಿದ್ದಾರೆ.

ಯಾಕೆ ಹೀಗೆ? ‘ವೆರಿ’ ಹುಟ್ಟಿನಿಂದ ಅಳತೆಯ ಪದವೇ ಅಲ್ಲ. ಅದರ ಮೂಲದಲ್ಲಿ ಇರುವುದು ‘ನಿಜ’.

ಲ್ಯಾಟಿನ್ ಭಾಷೆಯಲ್ಲಿ ‘ವೇರುಸ್’ ಅಂದರೆ ನಿಜವಾದದ್ದು. ಅದು ಹಳೇ ಫ್ರೆಂಚಿನಲ್ಲಿ ‘ವೆರೈ’ ಆಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಫ್ರೆಂಚಿನಿಂದ ಸಾವಿರಾರು ಪದಗಳು ಇಂಗ್ಲಿಷಿಗೆ ಇಳಿದವಲ್ಲ, ಅವುಗಳ ಜೊತೆ ಇದೂ ಬಂತು. ಇದರ ಅಣ್ಣತಮ್ಮಂದಿರು ಈಗಲೂ ಹಳೇ ಅರ್ಥವನ್ನು ಬಿಟ್ಟಿಲ್ಲ. ಕೋರ್ಟಿನ ‘ವರ್ಡಿಕ್ಟ್’ ಅಂದರೆ ಮೂಲದಲ್ಲಿ ನಿಜದ ಮಾತು. ‘ವೆರಿಫೈ’ ಅಂದರೆ ನಿಜವೋ ಅಲ್ಲವೋ ನೋಡು. ಪಾಸ್‌ಪೋರ್ಟಿಗೆ ಪೊಲೀಸ್ ವೆರಿಫಿಕೇಶನ್ ಅಂತ ಮನೆಗೆ ಬರುತ್ತಾರಲ್ಲ, ಅವರ ಕೆಲಸದಲ್ಲೂ ‘ವೆರಿ’ ಇದೆ.

14ನೇ ಶತಮಾನದ ಕೊನೆಯಲ್ಲಿ ಕವಿ ಚಾಸರ್ ತನ್ನ ಕಾವ್ಯದ ಯೋಧನನ್ನು ಬಣ್ಣಿಸುವಾಗ ‘ವೆರೈ’ ಅನ್ನುತ್ತಾನೆ. ಅಲ್ಲಿ ಅದಕ್ಕೆ ‘ತುಂಬಾ’ ಅಂತ ಅರ್ಥ ಹಾಕಿದರೆ ಕೆಟ್ಟಿತು. ಅವನು ನಿಜವಾದ ಯೋಧ, ಅಸಲಿ ಯೋಧ ಅಂತ. 1549ರ ಇಂಗ್ಲಿಷ್ ಪ್ರಾರ್ಥನಾ ಪುಸ್ತಕದಲ್ಲಿ ‘ವೆರಿ ಗಾಡ್ ಆಫ್ ವೆರಿ ಗಾಡ್’ ಅನ್ನುವ ಸಾಲಿದೆ. ಹಳೇ ಪದ್ಧತಿಯ ಚರ್ಚುಗಳಲ್ಲಿ ಈಗಲೂ ಹೇಳುತ್ತಾರೆ. ನಿಜ ದೇವರಿಂದ ಬಂದ ನಿಜ ದೇವರು ಅಂತ ಅರ್ಥ. ಇಂಗ್ಲಿಷ್ ಶಾಲೆಯಲ್ಲಿ ಓದಿದ ಮಗು ಅದನ್ನು ಮೊದಲ ಸಲ ಕೇಳಿದರೆ ‘ತುಂಬಾ ದೇವರು’ ಅಂದುಕೊಂಡರೂ ಆಶ್ಚರ್ಯವಿಲ್ಲ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟು ಮಾಡಿದಾಗಲೂ ವಿಶೇಷಣವಾಗಿ ‘ವೆರಿ’ಗೆ ಕೊಟ್ಟ ಅರ್ಥ ನಿಜ, ಅಸಲಿ ಅಂತಲೇ.

ಹಾಗಾದರೆ ‘ವೆರಿ’ಗೆ ಈ ‘ತುಂಬಾ’ದ ಅರ್ಥ ಬರುವ ಮುಂಚೆ ಇಂಗ್ಲಿಷಿನವರು ‘ತುಂಬಾ ಒಳ್ಳೆಯವನು’ ಅನ್ನುವುದಕ್ಕೆ ಏನು ಹೇಳುತ್ತಿದ್ದರು? ತೀರಾ ಹಳೇ ಇಂಗ್ಲಿಷಿನಲ್ಲಿ ‘ಸ್ವಿದೆ’ ಇತ್ತು. ಅದರ ಬೇರು ಗಟ್ಟಿ, ಬಲವಾದ ಅನ್ನುವ ಪದ. ಆಮೇಲೆ ‘ಫುಲ್’, ‘ವೆಲ್’, ‘ರೈಟ್’ ಇವೆಲ್ಲ ಸರದಿಯಲ್ಲಿ ಬಂದವು. ‘ಫುಲ್’ ನೋಡಿ, ನಮ್ಮ ‘ತುಂಬಾ’ದ ಹಾಗೇ ಪಾತ್ರೆಯ ಪದ! ಬೆಂಗಳೂರಿನ ಹುಡುಗರು ‘ಫುಲ್ ಖುಷಿ ಮಗಾ’ ಅಂದರೆ ನಗಬೇಡಿ. ಚಾಸರನ ಕಾಲದ ಇಂಗ್ಲಿಷಿನವರಿಗೆ ಅದು ಚೆನ್ನಾಗಿ ಅರ್ಥವಾಗುತ್ತಿತ್ತು.

‘ವೆರಿ’ ನಿಜದಿಂದ ಜಾಸ್ತಿಗೆ ಜಾರಿದ್ದು ಹೇಗೆ ಅನ್ನುವುದು ಕನ್ನಡದವರಿಗೆ ಸುಲಭವಾಗಿ ಗೊತ್ತಾಗುತ್ತದೆ. ‘ನಿಜವಾದ ಒಳ್ಳೆಯ ಮನುಷ್ಯ’ ಅನ್ನಿ. ಇಲ್ಲಿ ನಿಜ ಅನ್ನುವುದು ಮನುಷ್ಯನಿಗೋ, ಒಳ್ಳೆಯತನಕ್ಕೋ? ಎರಡಕ್ಕೂ ಆಗುತ್ತದೆ. ನಿಧಾನಕ್ಕೆ ಪಕ್ಕದಲ್ಲಿರುವ ‘ಒಳ್ಳೆಯ’ಗೇ ಅಂಟಿಕೊಳ್ಳುತ್ತದೆ. ‘ಊಟ ನಿಜಕ್ಕೂ ಚೆನ್ನಾಗಿತ್ತು ಕಣ್ರೀ’ ಅಂದಾಗ ನಾವು ಪ್ರಮಾಣ ಮಾಡುತ್ತಿಲ್ಲ. ಬಹಳ ಚೆನ್ನಾಗಿತ್ತು ಅನ್ನುತ್ತಿದ್ದೇವೆ, ಅಲ್ವಾ? ಇಂಗ್ಲಿಷಿನಲ್ಲಿ ಇದೇ ಜಾರಾಟ ಪೂರ್ತಿ ಆಗಿ, ನಿಜದ ಅರ್ಥ ಮರೆತೇ ಹೋಯಿತು.

ಪೂರ್ತಿ ಅಂದೆ, ಆದರೆ ಒಂದು ಮೂಲೆಯಲ್ಲಿ ಅದು ಇನ್ನೂ ಉಳಿದಿದೆ. ನನಗೆ ಈ ಪದದಲ್ಲಿ ಬಹಳ ಇಷ್ಟವಾದ ಮೂಲೆ ಅದು. ‘ವೆರಿ’ ಹಿಂದೆ ‘ದ’, ‘ದಟ್’, ‘ಮೈ’ ಥರದ ಪದ ಸೇರಿ, ಮುಂದೆ ನಾಮಪದ ಬಂದಾಗ ಹಳೇ ರಕ್ತ ಎದ್ದುಬರುತ್ತದೆ. ‘ದ ವೆರಿ ಮ್ಯಾನ್’ ಅಂದರೆ ತುಂಬಾ ಮನುಷ್ಯ ಅಲ್ಲ. ಅವನೇ, ಅದೇ ಮನುಷ್ಯ. ‘ದಟ್ ವೆರಿ ಡೇ’ ಅಂದರೆ ಅವತ್ತೇ. ‘ಬಿಫೋರ್ ಮೈ ವೆರಿ ಐಸ್’ ಅಂದರೆ ನನ್ನ ಕಣ್ಣೆದುರೇ. ಗಮನಿಸಿ, ಅವರ ‘ವೆರಿ’ಗೆ ಸರಿಯಾಗಿ ನಮ್ಮಲ್ಲಿ ಯಾವ ಪದವೂ ಇಲ್ಲ. ಒಂದು ‘ಏ’ ಇದೆ. ಅವನೇ, ಅವತ್ತೇ, ಕಣ್ಣೆದುರೇ. ‘ದ ವೆರಿ ಥಾಟ್ ಆಫ್ ಎಕ್ಸಾಮ್ಸ್’ ಬಂದರೆ ಅನುವಾದ ಮಾಡುವವರು ಪೇಚಾಡಿ ‘ಪರೀಕ್ಷೆಗಳ ಆ ಯೋಚನೆ ಕೂಡ’ ಅಂತೆಲ್ಲ ಬರೆಯುತ್ತಾರೆ. ಮನೆಯಲ್ಲಿ ಅಮ್ಮಂದಿರು ಸಲೀಸಾಗಿ ಹೇಳುತ್ತಾರೆ: ‘ಪರೀಕ್ಷೆ ಅಂತ ನೆನೆಸಿಕೊಂಡರೇ ಇವನಿಗೆ ಜ್ವರ.’ ಆ ‘ರೇ’ಯಲ್ಲಿ ‘ದ ವೆರಿ’ ಪೂರ್ತಿ ಅಡಗಿದೆ.

ಇನ್ನೂ ಚೆಂದದ್ದು ಮುಂದಿದೆ. ‘ದ ವೆರಿ ಫಸ್ಟ್’ ಅಂದರೆ ಏನು? ಮೊಟ್ಟಮೊದಲ. ‘ದ ವೆರಿ ಎಂಡ್’? ಕಟ್ಟಕಡೆ, ಕೊಟ್ಟಕೊನೆ. ‘ದ ವೆರಿ ಮಿಡಲ್’? ನಟ್ಟನಡುವೆ. ‘ದ ವೆರಿ ಟಾಪ್’? ತುತ್ತತುದಿ. ಹೈಸ್ಕೂಲಿನ ವ್ಯಾಕರಣದಲ್ಲಿ ದ್ವಿರುಕ್ತಿ ಅಂತ ಬಾಯಿಪಾಠ ಮಾಡಿ ಮರೆತಿದ್ದೆವಲ್ಲ, ಅದೇ. ಪದದ ಮೊದಲ ಅಕ್ಷರ ಹಿಡಿದು, ಒಂದು ಒತ್ತಕ್ಷರದಿಂದ ಅದನ್ನು ಗುದ್ದಿ, ಮತ್ತೆ ಪದ ಹೇಳುವುದು. ಇಂಗ್ಲಿಷ್ ಇದಕ್ಕೆ ಎರಡು ಪದ ಹೊರಗಿನಿಂದ ತಂದು ಜೋಡಿಸಬೇಕು. ಕನ್ನಡ ಆ ಪದದಿಂದಲೇ ಒತ್ತು ತೆಗೆಯುತ್ತದೆ. ಇಷ್ಟು ಚೆನ್ನಾಗಿರೋದು ಕೈಯಲ್ಲಿದ್ದೂ ಪತ್ರಿಕೆಗಳಲ್ಲಿ ‘ಅತ್ಯಂತ ಮೊದಲ’ ಅಂತ ಓದಿದಾಗ ನನಗೆ ಸ್ವಲ್ಪ ಬೇಜಾರಾಗುತ್ತದೆ.

ಈಗ ಎಡವುವ ಜಾಗಗಳಿಗೆ ಬರೋಣ.

ಎಲ್ಲಕ್ಕಿಂತ ದೊಡ್ಡದು ಕ್ರಿಯಾಪದ. ‘ನನಗೆ ಈ ಹಾಡು ತುಂಬಾ ಇಷ್ಟ’ ಅನ್ನುವುದು ‘ಐ ವೆರಿ ಲೈಕ್ ದಿಸ್ ಸಾಂಗ್’ ಆಗಿಬಿಡುತ್ತದೆ. ಕನ್ನಡದಲ್ಲಿ ‘ಇಷ್ಟ’ ನಾಮಪದ, ‘ತುಂಬಾ’ ಅದರ ಪಕ್ಕ ಹಾಯಾಗಿ ಕೂರುತ್ತದೆ. ಇಂಗ್ಲಿಷಿನ ‘ಲೈಕ್’ ಕ್ರಿಯಾಪದ. ‘ವೆರಿ’ ಒಂಟಿಯಾಗಿ ಕ್ರಿಯಾಪದದ ಹತ್ತಿರ ಹೋಗುವುದಿಲ್ಲ, ‘ಮಚ್’ ಕೈ ಹಿಡಿದುಕೊಂಡೇ ಹೋಗಬೇಕು. ಇದನ್ನು ನೆನಪಿಡಲು ನಿಯಮವೇ ಬೇಡ. ‘ಥ್ಯಾಂಕ್ಯೂ ವೆರಿ ಮಚ್’ ಸಾಕು. ಹಳ್ಳಿಯ ಮದುವೆಯಲ್ಲಿ ಮೈಕ್ ಹಿಡಿದವರೂ ಸರಿಯಾಗಿ ಹೇಳುವ ಇಂಗ್ಲಿಷ್ ಅದು. ‘ಥ್ಯಾಂಕ್ಯೂ ವೆರಿ’ ಅಂತ ಯಾರೂ ನಿಲ್ಲಿಸಲ್ಲ. ಯಾಕೆಂದರೆ ‘ಥ್ಯಾಂಕ್’ ಕ್ರಿಯಾಪದ. ‘ಲೈಕ್’, ‘ಮಿಸ್’, ‘ಎಂಜಾಯ್’ ಎಲ್ಲಕ್ಕೂ ಅದೇ ಅಚ್ಚು. ಜಾಗ ಮಾತ್ರ ನೋಡಿಕೊಳ್ಳಿ: ‘ಐ ಲೈಕ್ ದಿಸ್ ಸಾಂಗ್ ವೆರಿ ಮಚ್’. ಹಾಡು ಮೊದಲು, ‘ವೆರಿ ಮಚ್’ ಕೊನೆಗೆ.

ಎರಡನೆಯದು ನನ್ನ ಮಾನ ತೆಗೆದದ್ದು. ಕನ್ನಡದಲ್ಲಿ ಹೋಲಿಸುವಾಗ ಗುಣದ ಪದ ಬದಲಾಗುವುದಿಲ್ಲ. ಅವನು ಎತ್ತರ. ಅವನು ಇವನಿಗಿಂತ ಎತ್ತರ. ಕೆಲಸವೆಲ್ಲ ‘ಗಿಂತ’ ಮಾಡುತ್ತದೆ. ಇಂಗ್ಲಿಷಿನಲ್ಲಿ ಆ ಹೋಲಿಕೆ ಪದದ ಒಳಗೇ ಹೋಗುತ್ತದೆ: ಟಾಲ್, ಟಾಲರ್. ಒಮ್ಮೆ ಹೋಲಿಕೆ ಒಳಗೆ ಬಂತೋ, ‘ವೆರಿ’ ಹೊರಗೆ. ಆಮೇಲೆ ಏನಿದ್ದರೂ ‘ಮಚ್ ಟಾಲರ್’, ‘ಮಚ್ ಬೆಟರ್’, ‘ಎ ಲಾಟ್ ಚೀಪರ್’. ‘ವೆರಿ ಬೆಟರ್’ ಇಲ್ಲ.

‘ಲೆಸ್’ ನೋಡುವುದಕ್ಕೆ ಸಾಮಾನ್ಯ ಪದದಂತೆ ಕಂಡರೂ ‘ಲಿಟಲ್’ನ ಹೋಲಿಕೆ ರೂಪ. ಅದರ ಹೊಟ್ಟೆಯಲ್ಲಿ ‘ಗಿಂತ’ ಇದೆ. ಅದಕ್ಕೇ ನಮ್ಮ ಸಹೋದ್ಯೋಗಿ ‘ಯಾವುದಕ್ಕಿಂತ’ ಅಂತ ಕೇಳಿದ್ದು. ನಮ್ಮ ‘ಕಡಿಮೆ’ಗೆ ಆ ಹಂಗಿಲ್ಲ. ಇವತ್ತು ನೀರು ಕಡಿಮೆ, ಅಷ್ಟೇ. ಯಾವುದಕ್ಕಿಂತ ಅಂತ ಯಾರೂ ಕೇಳಲ್ಲ. ಆದ್ದರಿಂದ ಎಣಿಸುವಂಥದ್ದಾದರೆ ‘ವೆರಿ ಫ್ಯೂ’, ಎಣಿಸಲು ಬಾರದ್ದಾದರೆ ‘ವೆರಿ ಲಿಟಲ್’, ಸಂಬಳ, ಬೆಲೆ, ಮಾರ್ಕ್ಸ್ ಥರದ ಮಟ್ಟದ ಮಾತಾದರೆ ‘ವೆರಿ ಲೋ’. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಬೇಸಿಗೆ ಬಂತೆಂದರೆ ‘ವಾಟರ್ ವೆರಿ ಲೆಸ್ ಟುಡೇ’ ತಪ್ಪದೆ ಬರುತ್ತದೆ. ಅಲ್ಲಿ ಅದನ್ನು ತಿದ್ದಲು ಹೋಗಬೇಡಿ. ಎಲ್ಲರಿಗೂ ಅರ್ಥವಾಗುತ್ತದೆ, ಮತ್ತು ಅಲ್ಲಿರುವ ಸಮಸ್ಯೆ ವ್ಯಾಕರಣದ್ದಲ್ಲ.

ಸ್ವಾರಸ್ಯ ಏನೆಂದರೆ, ‘ಬೆಟರ್’ ಹತ್ತಿರ ಬಿಡದ ‘ವೆರಿ’ಯನ್ನು ‘ಬೆಸ್ಟ್’ ಕರೆದು ಕೂರಿಸಿಕೊಳ್ಳುತ್ತದೆ. ‘ದ ವೆರಿ ಬೆಸ್ಟ್’, ‘ದ ವೆರಿ ಲೇಟೆಸ್ಟ್’, ‘ಅಟ್ ದ ವೆರಿ ಲೀಸ್ಟ್’. ಇದು ನಿಯಮ ಮುರಿದದ್ದಲ್ಲ. ಇಲ್ಲಿರುವುದು ಆ ಹಳೇ ‘ನಿಜ’ದ ‘ವೆರಿ’. ಇದ್ದುದರಲ್ಲೇ ಅಸಲಿ ಬೆಸ್ಟ್ ಅಂತ. ಕೊನೆಯದನ್ನು ನಾವು ‘ಕಡೇಪಕ್ಷ’ ಅನ್ನುತ್ತೇವೆ.

‘ಟೂ’ ಜೊತೆ ಇದನ್ನು ಕಲಸುವವರೂ ಇದ್ದಾರೆ. ‘ವೆರಿ ಹಾಟ್’ ಅಂದರೆ ಕಾಫಿ ಬಿಸಿಬಿಸಿ ಇದೆ. ‘ಟೂ ಹಾಟ್’ ಅಂದರೆ ಬಾಯಿಗೆ ಇಡುವ ಹಾಗಿಲ್ಲ. ಒಂದು ಬಣ್ಣನೆ, ಇನ್ನೊಂದು ದೂರು. ಕನ್ನಡದಲ್ಲಿ ‘ಟೂ’ಗೆ ಸರಿಯಾದ ಪದ ಯಾವುದು ಅಂತ ನಾನು ಬಹಳ ದಿನ ಹುಡುಕಿದೆ. ‘ಅತಿ’ ಇದೆ, ಆದರೆ ಅಂಗಡಿಯಲ್ಲಿ ‘ಈ ಅಂಗಿ ಅತಿ ದೊಡ್ಡದು’ ಅಂತ ಯಾರು ಹೇಳುತ್ತಾರೆ? ಆಮೇಲೆ ಹೊಳೆಯಿತು, ನಾವು ಆ ಕೆಲಸ ಮಾಡಿಸುವುದು ಕ್ರಿಯಾಪದದಿಂದ. ‘ಅಂಗಿ ದೊಡ್ಡದಿದೆ’ ಅಂದರೆ ಸುಮ್ನೆ ದೊಡ್ಡದು. ‘ಅಂಗಿ ದೊಡ್ಡದಾಯ್ತು’ ಅಂದರೆ ನನಗೆ ಆಗಲ್ಲ, ಬೇರೆ ಕೊಡಿ. ಉಪ್ಪು ಜಾಸ್ತಿ ಆಯ್ತು, ಬಾಡಿಗೆ ಜಾಸ್ತಿ ಆಯ್ತು. ಆ ‘ಆಯ್ತು’ ಬಂದಲ್ಲೆಲ್ಲ ಇಂಗ್ಲಿಷಿನಲ್ಲಿ ‘ಟೂ’ ಹಾಕಿ ನೋಡಿ, ಸಾಮಾನ್ಯವಾಗಿ ಸರಿಹೋಗುತ್ತದೆ.

ಇನ್ನು ‘ವೆರಿ’ಯನ್ನು ಸೇರಿಸಿಕೊಳ್ಳದ ಪದಗಳು. ಕಾಪಿ ಪುಸ್ತಕಕ್ಕೇ ವಾಪಸ್ ಹೋಗೋಣ. ಗುಡ್, ವೆರಿ ಗುಡ್, ಎಕ್ಸಲೆಂಟ್. ‘ವೆರಿ ಎಕ್ಸಲೆಂಟ್’ ಅಂತ ಯಾವ ಟೀಚರೂ ಹಾಕಿದ್ದು ನಾನು ನೋಡಿಲ್ಲ. ‘ಎಕ್ಸಲೆಂಟ್’ ಆಗಲೇ ತುದಿ ಮುಟ್ಟಿದೆ, ಮೇಲೆ ಹತ್ತಲು ಮೆಟ್ಟಿಲಿಲ್ಲ. ‘ಡಿಲಿಶಸ್’, ‘ಎಕ್ಸಾಸ್ಟೆಡ್’, ‘ಫ್ರೀಜಿಂಗ್’ ಎಲ್ಲ ಹೀಗೆ. ಅವಕ್ಕೆ ಒತ್ತು ಬೇಕೇಬೇಕು ಅಂದರೆ ‘ಆಬ್ಸಲ್ಯೂಟ್ಲಿ’ ಹಾಕುತ್ತಾರೆ. ‘ವೆರಿ ಯುನೀಕ್’ ಬಗ್ಗೆ ಮಾತ್ರ ಅವರ ನಡುವೆಯೇ ಜಗಳ ಇದೆ. ಒಂದೇ ಒಂದು ಇರುವುದರಲ್ಲಿ ಜಾಸ್ತಿ ಒಂದು, ಕಡಿಮೆ ಒಂದು ಅಂತ ಇರುತ್ತಾ ಅಂತ ಒಂದು ಪಕ್ಷ. ಜನ ಹೇಳ್ತಾರಲ್ಲ, ಬಿಡಿ ಅಂತ ಇನ್ನೊಂದು. ನಾನು ಮೊದಲ ಪಕ್ಷ, ಆದರೆ ಜಗಳಕ್ಕೆ ಹೋಗಲ್ಲ.

ಇಂಗ್ಲಿಷಿನಲ್ಲಿ ಕೆಲವು ಪದಗಳಿಗೆ ಸ್ವಂತ ಜೋಡಿಯೇ ಇದೆ. ‘ವೆರಿ ನ್ಯೂ’ಗಿಂತ ‘ಬ್ರ್ಯಾಂಡ್ ನ್ಯೂ’. ಅಲ್ಲಿ ‘ಬ್ರ್ಯಾಂಡ್’ ಅಂದರೆ ಕಂಪನಿಯಲ್ಲ, ಬೆಂಕಿ. ಕುಲುಮೆಯಿಂದ ಆಗತಾನೇ ತೆಗೆದದ್ದು ಅಂತ. ‘ವೆರಿ ಡಾರ್ಕ್’ಗಿಂತ ‘ಪಿಚ್ ಡಾರ್ಕ್’, ಡಾಂಬರಿನಂಥ ಕಪ್ಪು. ‘ವೆರಿ ಅಸ್ಲೀಪ್’ ಇಲ್ಲವೇ ಇಲ್ಲ, ‘ಫಾಸ್ಟ್ ಅಸ್ಲೀಪ್’. ನಮ್ಮಲ್ಲೂ ಹಾಗೇ ತಾನೇ? ಹೊಚ್ಚಹೊಸ, ಕಗ್ಗತ್ತಲು, ಗಾಢ ನಿದ್ದೆ. ‘ತುಂಬಾ ಕತ್ತಲು’ ಅಂದರೆ ತಪ್ಪಲ್ಲ, ಆದರೆ ‘ಕಗ್ಗತ್ತಲು’ ಅಂದರೆ ಎದೆ ಸ್ವಲ್ಪ ಝಲ್ ಅನ್ನುತ್ತದೆ.

‘ನಾಟ್ ವೆರಿ’ ಬಗ್ಗೆ ಒಂದು ಎಚ್ಚರಿಕೆ. ಬ್ರಿಟಿಷ್ ಮ್ಯಾನೇಜರ್ ‘ಐ ಆ್ಯಮ್ ನಾಟ್ ವೆರಿ ಹ್ಯಾಪಿ ವಿತ್ ದಿಸ್’ ಅಂದರೆ, ಸ್ವಲ್ಪ ಖುಷಿ ಇದೆ, ಪೂರ್ತಿ ಇಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಕೋಪ ಬಂದಿದೆ ಅಂತ ತಿಳಿಯಿರಿ. ‘ನಾಟ್ ವೆರಿ ಗುಡ್’ ಅಂದರೆ ಚೆನ್ನಾಗಿಲ್ಲ ಅನ್ನುವುದನ್ನು ಮೆತ್ತಗೆ ಹೇಳಿದ್ದು. ನಮ್ಮಲ್ಲಿ ಆ ಕೆಲಸವನ್ನು ‘ಅಷ್ಟೇನೂ’ ಮಾಡುತ್ತದೆ. ಹುಡುಗನ ಮನೆಯವರು ‘ಅಷ್ಟೇನೂ ಹೊಂದಾಣಿಕೆ ಆಗ್ತಿಲ್ಲ’ ಅಂತ ಫೋನ್ ಮಾಡಿದರೆ ಯಾರೂ ಇನ್ನೊಂದು ದಿನ ನೋಡೋಣ ಅಂತ ಕಾಯಲ್ಲ, ಜಾತಕ ವಾಪಸ್ ತರಿಸಿಕೊಳ್ಳುತ್ತಾರೆ.

ಇಷ್ಟೆಲ್ಲ ಕಲಿತ ಮೇಲೆ ಒಂದು ಸಂಕಟ. ಇಂಗ್ಲಿಷಿನವರೇ ‘ವೆರಿ’ ಕಂಡರೆ ಮೂಗು ಮುರಿಯುತ್ತಾರೆ. ಬರವಣಿಗೆ ಕಲಿಸುವವರು ಅದನ್ನು ಹೊಡೆದುಹಾಕಿ ಅನ್ನುತ್ತಾರೆ. ಕಾರಣ ಸರಳ. ದಿನಾ ತಿಕ್ಕಿದರೆ ತಳ ಸವೆಯುತ್ತದೆ. ‘ಗುಡ್’ ಅಂದದ್ದಕ್ಕೆ ‘ವೆರಿ ಗುಡ್’ ಅಂದು, ಅದೂ ಸಾಲದೆ ‘ವೆರಿ ವೆರಿ ಗುಡ್’ ಅಂದು, ಕೊನೆಗೆ ಬೇರೆ ಪದ ಹುಡುಕಬೇಕಾಗುತ್ತದೆ. ಎಲ್ಲ ಭಾಷೆಗಳೂ ಈ ಪದಗಳನ್ನು ತರುವುದು ವಿಚಿತ್ರ ಜಾಗಗಳಿಂದ. ಇಂಗ್ಲಿಷಿನ ‘ಟೆರಿಬ್ಲಿ’, ‘ಆಫುಲಿ’ ಭಯದಿಂದ ಬಂದವು. ಜರ್ಮನ್ನರ ‘ತುಂಬಾ’ ಅಂದರೆ ‘ಝೇರ್’, ಅದರ ಬೇರು ನೋವು. ಇಂಗ್ಲಿಷಿನ ‘ಸೋರ್’ ಅದರ ದಾಯಾದಿ. ನಮ್ಮ ಕರಾವಳಿ, ಮಲೆನಾಡಿನಲ್ಲಿ ‘ಭಯಂಕರ ಸೆಖೆ’ ಅನ್ನುವವರೇ ಊಟ ಮಾಡಿ ‘ಭಯಂಕರ ರುಚಿ’ ಅಂದದ್ದನ್ನೂ ಕೇಳಿದ್ದೇನೆ. ‘ವಿಪರೀತ ಮಳೆ’ಯ ವಿಪರೀತ ಅಂದರೆ ಮೂಲದಲ್ಲಿ ತಿರುಗುಮುರುಗು. ‘ಸಖತ್’ ಪಾರ್ಸಿಯದು, ಗಟ್ಟಿ, ಕಠಿಣ ಅಂತ ಅರ್ಥ. ನಮ್ಮದೇ ‘ಕಡು’ ಕೂಡ ಬಿರುಸು, ಗಟ್ಟಿ ಅನ್ನುವುದರಿಂದ ಬಂದದ್ದೇ. ಕಡುಬಡವ, ಕಡುಗೆಂಪು. ಒಂದು ಗಟ್ಟಿ ಪದ ಸವೆದು ಪುಸ್ತಕ ಸೇರಿತು, ಇನ್ನೊಂದು ಗಟ್ಟಿ ಪದ ಪಾರ್ಸಿಯಿಂದ ಬಂದು ಬಸ್ ಸ್ಟ್ಯಾಂಡಿನಲ್ಲಿ ನಿಂತಿತು.

‘ವೆರಿ’ಗೂ ಅದೇ ಗತಿ. ಸಾಲಿ ಟ್ಯಾಲಿಯಮಾಂಟೆ ಮತ್ತು ಕ್ರಿಸ್ ರಾಬರ್ಟ್ಸ್ ಅನ್ನುವ ಭಾಷಾತಜ್ಞರು 2005ರಲ್ಲಿ ಒಂದು ತಮಾಷೆಯ ಕೆಲಸ ಮಾಡಿದರು. ಅಮೆರಿಕದ ಟಿವಿ ಧಾರಾವಾಹಿ ‘ಫ್ರೆಂಡ್ಸ್’ನ ಪಾತ್ರಗಳು ಒತ್ತು ಕೊಡಲು ಯಾವ ಪದ ಬಳಸುತ್ತವೆ ಅಂತ ಕೂತು ಎಣಿಸಿದರು. ಗೆದ್ದದ್ದು ‘ಸೋ’. ‘ವೆರಿ’, ‘ರಿಯಲಿ’ ಎರಡೂ ಅದರ ಹಿಂದೆ. ‘ರಿಯಲಿ’ ಅಂದರೆ ನಿಜವಾಗಿಯೂ. ಐನೂರು ವರ್ಷಗಳ ಹಿಂದೆ ‘ವೆರಿ’ ನಡೆದ ದಾರಿಯಲ್ಲೇ ಈಗ ಅದೂ ನಡೆಯುತ್ತಿದೆ.

ನನ್ನ ಮೇಲ್‌ಗೆ ಆ ಒಂದೇ ಸಾಲಿನ ಉತ್ತರ ಕಳಿಸಿದ್ದ ಸಹೋದ್ಯೋಗಿ ಆಮೇಲೆ ಬೆಂಗಳೂರಿಗೇ ವರ್ಗವಾಗಿ ಬಂದರು. ಎರಡು ವರ್ಷ ಇದ್ದರು. ಮೊದಮೊದಲು ನಮ್ಮ ಇಂಗ್ಲಿಷ್ ಕೇಳಿ ಹುಬ್ಬು ಗಂಟಿಕ್ಕುತ್ತಿದ್ದರು, ಬರಬರುತ್ತಾ ಅದೂ ನಿಂತಿತು. ಒಂದು ದಸರಾ ರಜೆಯ ಬೆಳಿಗ್ಗೆ, ಊರೆಲ್ಲ ಖಾಲಿಯಾಗಿದ್ದಾಗ, ನಮ್ಮ ಟೀಮಿನ ಗುಂಪಿಗೆ ಅವರಿಂದ ಮೆಸೇಜ್ ಬಂತು: ‘ರೀಚ್ಡ್ ಆಫೀಸ್. ಟ್ರಾಫಿಕ್ ವೆರಿ ಲೆಸ್.’

ಯಾವುದಕ್ಕಿಂತ ಅಂತ ನಾನು ಕೇಳಲಿಲ್ಲ.